ಬೆಚ್ಚಗಿನ ರಾಶಿ

ಅಕ್ಟೋಬರ್ 13, ಭಾನುವಾರ. ಸಂಜೆ 5.40

ಮೆಷಿನ್ ಈಗ ಹೋಯಿತು. ಬೆಳಗ್ಗೆ ಏಳೂವರೆಗೆ ಬರುತ್ತೇನೆ ಎಂದವನು ಹತ್ತೂಕಾಲಿಗೆ ಬಂದ. ಬೈದೆ. ಆದರೂ ಸಂಜೆ ಐದರೊಳಗೆ ತೆನೆಯನ್ನೆಲ್ಲ ಬಿಡಿಸಿ ಕೊಟ್ಟ. ಅಂಗಳದ ತುಂಬ ಮುಸುಕಿನ ಜೋಳ. ಹದಿನಾಲ್ಕು ಚೀಲಕ್ಕೆ ಮೋಸವಿಲ್ಲ. ಊರಿಗೆಲ್ಲ ಮೊದಲ ರಾಶಿ ಈ ಸಲವೂ ನಮ್ಮದೇ. ಇಪ್ಪತ್ತಾರು ವರ್ಷ ಪಂಚಾಯಿತಿ ನೀರುಗಂಟಿಯಾಗಿ ಗಡಿಯಾರ ನೋಡಿಕೊಂಡು ವಾಲ್ವ್ ತಿರುಗಿಸಿದ ಕೋದಂಡರಾಮಪ್ಪ ನಾನು. ತಡ ಮಾಡುವುದು ನನ್ನ ಜಾತಕದಲ್ಲಿಲ್ಲ.

ಪಕ್ಕದ ಹೊಲದಲ್ಲಿ ಬಾಮೈದ ಮುನಿಕೃಷ್ಣನ ಜೋಳ ಇನ್ನೂ ನಿಂತಿದೆ. ಒಂದೇ ಬೀಜ, ಒಂದೇ ದಿನದ ಬಿತ್ತನೆ. "ಯಾವಾಗ್ಲಾ ಮುರಿಯೋದು?" ಎಂದೆ. ಬದುವಿನ ಮೇಲೆ ಮಲಗಿದ್ದವನು ಏಳಲೂ ಇಲ್ಲ.

"ಒಣಗ್ಲಿ ಬಿಡಿ ಬಾವ. ಅದೇನು ಬೈರಕೂರು ಬಸ್ಸಾ, ಹೊಂಟೋಗಕ್ಕೆ?"

ಸೋಮಾರಿ. ಹೆಂಡತಿ ಶ್ಯಾಮಲನ ತಮ್ಮ ಎಂದು ಸುಮ್ಮನಿದ್ದೇನೆ.

ಅಕ್ಟೋಬರ್ 14, ಸೋಮವಾರ. ಬೆಳಗ್ಗೆ 9.05

ಮೂಡಲಲ್ಲಿ ಮೋಡ. ಬರುವ ಮಳೆಯೇ. ಮುಳಬಾಗಿಲಿನಿಂದ ತಂದಿದ್ದ ಹೊಸ ನೀಲಿ ಟಾರ್ಪಾಲು ಬಿಚ್ಚಿದೆ. ರಾಶಿಗೆ ಹೊದಿಸಿ, ಸುತ್ತ ಹದಿನಾರು ಕಲ್ಲು, ಮೇಲೆ ಅಡ್ಡಡ್ಡ ಹಗ್ಗ. ದೃಷ್ಟಿಗೆ ಒಂದು ಹಳೇ ಪೊರಕೆ. ಗಾಳಿಯೂ ನುಗ್ಗದ ಹಾಗೆ ಬಿಗಿದಿದ್ದೇನೆ.

ಶ್ಯಾಮಲ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಚ್ಚಿ ನೋಡಿದಳು. "ಇನ್ನೂ ಹಸಿ ಐತೆ ಕಣ್ರೀ. ಕಟ್ ಅಂತ ಅನ್ನಲ್ಲ" ಎಂದಳು. ಹಲ್ಲು ಹೋಗುವ ವಯಸ್ಸು, ಅದಕ್ಕೇ ಕೇಳಿಸುವುದಿಲ್ಲ ಎಂದೆ. ಮುಖ ತಿರುಗಿಸಿಕೊಂಡು ಹಸು ಕಟ್ಟಲು ಹೋದಳು. ಮಧ್ಯಾಹ್ನದ ಸಾರಿಗೆ ಉಪ್ಪು ಕಡಿಮೆ ಬೀಳುವುದು ಖಂಡಿತ.

ಅಕ್ಟೋಬರ್ 15, ಮಂಗಳವಾರ. ಬೆಳಗ್ಗೆ 7.30

ಬಿಡದೆ ಹೊಡೆಯುತ್ತಿದೆ ಮಳೆ. ರಾಶಿಗೆ ಒಂದು ಹನಿಯೂ ಇಲ್ಲ. ಮುನಿಕೃಷ್ಣನ ಹೊಲ ತೊಪ್ಪೆ. ತೆನೆಗಳೆಲ್ಲ ತಲೆ ಕೆಳಗೆ ಹಾಕಿ ನೆನೆಯುತ್ತಿವೆ. ಪಾಪ ಅನಿಸಿತು, ಖುಷಿಯೂ ಆಯಿತು.

ಇವತ್ತು ರಾಶಿ ಬಿಚ್ಚುವ ಹಾಗಿಲ್ಲ. ಮಂಗಳವಾರ ರಾಶಿ ಮುಟ್ಟಬಾರದು ಎಂಬುದು ಅಮ್ಮನ ಕಟ್ಟಳೆ. ಅಮ್ಮ ದೊಡ್ಡವೆಂಕಟಮ್ಮ ಹೋಗಿ ಹನ್ನೊಂದು ವರ್ಷವಾದರೂ ಈ ಮನೆಯಲ್ಲಿ ಕಟ್ಟಳೆ ಅವಳದೇ.

ಅಕ್ಟೋಬರ್ 17, ಗುರುವಾರ

ಹುಣ್ಣಿಮೆ. ಮಳೆ ನಿಂತಿಲ್ಲ. ನಾಳೆ ಶ್ರೀನಿವಾಸಪುರದಲ್ಲಿ ಮದುವೆ. ಶ್ಯಾಮಲನ ಚಿಕ್ಕಮ್ಮನ ಮೊಮ್ಮಗಳದು. ಎರಡು ದಿನ ಅಲ್ಲೇ. ಹಸುಗಳನ್ನು ಮುನಿಕೃಷ್ಣ ನೋಡಿಕೊಳ್ಳುತ್ತಾನಂತೆ. ಹಸುಗಳು ಅವನನ್ನು ನೋಡಿಕೊಳ್ಳುತ್ತವೆ ಎಂದರೆ ಸರಿ.

ಅಕ್ಟೋಬರ್ 21, ಸೋಮವಾರ. ಬೆಳಗ್ಗೆ 8.15

ಮದುವೆ ಚೆನ್ನಾಗಾಯಿತು. ಒಬ್ಬಟ್ಟು ನಾಲ್ಕು ತಿಂದೆ. ನಾಲ್ಕೇ ಎಂದು ಶ್ಯಾಮಲನಿಗೂ ಹೇಳಿದ್ದೇನೆ.

ಇವತ್ತು ಬಿಸಿಲು ಬಂತು. ರಾಶಿ ಬಿಚ್ಚಿದೆ. ಕೈ ಮೊಣಕೈವರೆಗೂ ಹಾಕಿದೆ... ಬೆಚ್ಚಗೆ! ಈಗ ತಾನೇ ಹಾಲು ಕರೆದ ಚೊಂಬಿನ ಹಾಗೆ. ಅಮ್ಮ ನೆನಪಾದಳು. ರಾಗಿ ರಾಶಿಯೊಳಗೆ ಕೈಯಿಟ್ಟು ಕಣ್ಣು ಮುಚ್ಚಿ, "ಬೆಚ್ಚಗವ್ಳೆ ನಮ್ಮವ್ವ, ಈ ಮನೇಲೇ ಉಳೀತಾಳೆ" ಎನ್ನುತ್ತಿದ್ದಳು. ಲಕ್ಷ್ಮಿಗೆ ಹೇಳುತ್ತಿದ್ದ ಮಾತು. ಕಣ್ಣು ಒದ್ದೆಯಾಯಿತು ನನಗೆ. ಯಾರೂ ನೋಡಲಿಲ್ಲ.

ಒಂದು ಥರ ಮುಗ್ಗಲು ವಾಸನೆ ಇದೆ. ಹೊಸ ಟಾರ್ಪಾಲಿನದು. ತಳದಲ್ಲಿ ಹಸಿರು ಹಿಡಿದ ಕಾಳು ಒಂದು ಬೊಗಸೆ ಸಿಕ್ಕಿತು, ತೆಗೆದು ಬಿಸಾಕಿದೆ. ಎರಡು ದಿನ ಹರವಿ ಚೀಲ ಕಟ್ಟುವುದು.

ನವೆಂಬರ್ 18, ಸೋಮವಾರ. ಮಧ್ಯಾಹ್ನ 2.20

ಮನೆಯೆಲ್ಲ ಘಮಘಮ. ಶ್ಯಾಮಲನ ಸಂಘದ ಆರು ಜನ ಹೆಂಗಸರು ಮಾಲ್ಟ್ ಪುಡಿ ಮಾಡುತ್ತಿದ್ದಾರೆ. ಮೊಳಕೆ ಕಟ್ಟಿದ ರಾಗಿ, ಜೋಳ, ಹೆಸರುಕಾಳು, ಕಡಲೆಬೀಜ, ಏಲಕ್ಕಿ. ಮುಳಬಾಗಿಲಿನ ಅಂಗಡಿ ಮುನೇಶ್ ತಿಂಗಳು ತಿಂಗಳು ತಗೊಳ್ಳುತ್ತೇನೆ ಎಂದಿದ್ದಾನೆ. ಒಂದೇ ಷರತ್ತು. ಮಕ್ಕಳು ಕುಡಿಯುವ ಪುಡಿ, ಲ್ಯಾಬ್ ರಿಪೋರ್ಟ್ ಬೇಕು. ಈ ಒಂದು ಆರ್ಡರಿಗೆ ಶ್ಯಾಮಲ ಎರಡು ವರ್ಷ ಓಡಾಡಿದ್ದಾಳೆ.

ಜೋಳ ನಮ್ಮದು. ನನ್ನ ರಾಶಿ ಇರುವಾಗ ಬೇರೆಯವರದು ಯಾಕೆ ಎಂದು ನಾನೇ ಹಟ ಹಿಡಿದು ಕೊಟ್ಟೆ. ಕಡಲೆಬೀಜ ಭಾರತಮ್ಮನ ಹೊಲದ್ದು. ಹುರಿಯುವುದೂ ಅವರೇ. ಆಂಧ್ರದ ಪುಂಗನೂರು ಕಡೆಯಿಂದ ನಮ್ಮೂರಿಗೆ ಬಂದ ಸೊಸೆ, ಗಂಡ ಹೋದಮೇಲೆ ಒಂದೂವರೆ ಎಕರೆ ಒಬ್ಬರೇ ಮಾಡುತ್ತಾರೆ. ಸಂಘದ ದೊಡ್ಡ ಬಾಣಲೆ ಅವರ ವಶದಲ್ಲಿದೆ, ಅದಕ್ಕೆ ಬೇರೆ ಯಾರೂ ಕೈ ಹಾಕುವ ಹಾಗಿಲ್ಲ. ನಾನು ಒಂದು ಬೀಜ ಬಾಯಿಗೆ ಹಾಕಿಕೊಂಡಿದ್ದಕ್ಕೆ, "ಅಣ್ಣಾ, ನೀರು ಬಿಡೋರು ನೀರು ಬಿಡೋ ಕಡೆ ಇರ್ಬೇಕು" ಎಂದರು. ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ.

ನವೆಂಬರ್ 25, ಸೋಮವಾರ

ಸ್ಯಾಂಪಲ್ ಲ್ಯಾಬಿಗೆ ಹೋಯಿತು. ಫಾರಮ್ಮಿನಲ್ಲಿ ನನ್ನ ಫೋನ್ ನಂಬರ್ ಬರೆದೆವು, ಸಂಘದಲ್ಲಿ ಚಾರ್ಜ್ ಇರುವ ಫೋನು ನನ್ನದೊಂದೇ.

ಡಿಸೆಂಬರ್ 9, ಸೋಮವಾರ. ಬೆಳಗ್ಗೆ 11.50

ರಿಪೋರ್ಟ್ ಬಂತು. ಎಲ್ಲ ಇಂಗ್ಲಿಷ್. ಮಗಳು ರಮ್ಯನಿಗೆ ಕಳಿಸಿದೆ. ಅವಳು ಲಕ್ಕೂರಿನ ಹತ್ತಿರ ಪಶು ಆಹಾರದ ಫ್ಯಾಕ್ಟರಿಯಲ್ಲಿ ಕಾಳು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಐದು ನಿಮಿಷಕ್ಕೆ ಫೋನ್.

"ಅಪ್ಪ, ಫೇಲ್ ಆಗಿದೆ."

"ಏನಮ್ಮ ಫೇಲು?"

"ಅಫ್ಲಾಟಾಕ್ಸಿನ್ ಅಂತ. ಬೂಷ್ಟು ಹಿಡಿದ ಕಾಳಲ್ಲಿ ಆಗೋ ವಿಷ. ಲಿಮಿಟ್‌ಗಿಂತ ತುಂಬಾ ಜಾಸ್ತಿ ಇದೆ."

"ಚೆನ್ನಾಗಿ ಹುರಿದಿದ್ದಾರಲ್ಲಮ್ಮ!"

"ಹುರಿದ್ರೆ ಬೂಷ್ಟು ಸಾಯುತ್ತೆ, ವಿಷ ಹೋಗಲ್ಲ. ಕಣ್ಣಿಗೂ ಕಾಣಲ್ಲ. ಮಕ್ಕಳಿಗೆ ಕೊಡೋ ಪುಡಿ ಅಪ್ಪ, ಒಂದು ಚಮಚಾನೂ ಹೊರಗೆ ಹೋಗ್ಬಾರ್ದು. ನೀವೂ ಕುಡೀಬೇಡಿ. ಜಾಸ್ತಿ ಬರೋದು ಕಡ್ಲೆಬೀಜದಲ್ಲಿ, ಇಲ್ಲಾ ಜೋಳದಲ್ಲಿ. ನಮ್ಮ ಜೋಳ ಎಷ್ಟು ದಿನ ಮುಚ್ಚಿಟ್ಟಿದ್ರಿ?"

"ಎರಡು ದಿನ" ಎಂದೆ.

ಯಾಕೆ ಹಾಗೆಂದೆನೋ ಗೊತ್ತಿಲ್ಲ. ಬಾಯಿಗೆ ಬಂತು.

ಡಿಸೆಂಬರ್ 10, ಮಂಗಳವಾರ. ಸಂಜೆ 4

ಹೆಂಗಸರು ಸೇರಿದ್ದರು. ಮುನೇಶ್ ಜನವರಿವರೆಗೂ ಕಾಯುತ್ತಾನಂತೆ. ಇನ್ನೊಂದು ಸ್ಯಾಂಪಲ್ ಪಾಸಾದರೆ ಸರಿ, ಇಲ್ಲವಾದರೆ ಬೇರೆಯವರು. ಮಾತು ಸುತ್ತಿ ಸುತ್ತಿ ಕಡಲೆಬೀಜಕ್ಕೇ ಬಂದು ನಿಂತಿತು. ಕೊಯ್ಲಿನಲ್ಲಿ ಮಳೆ ಬಂದಿತ್ತಲ್ಲ, ಒಬ್ಬ ಹೆಂಗಸು ಏನು ತಾನೆ ಒಣಗಿಸುತ್ತಾಳೆ ಎಂದು ಯಾರೋ ಅಂದರು. ಭಾರತಮ್ಮ ಎದ್ದು ನಿಂತರು.

"ಬಳ್ಳಿ ಸಮೇತ ತಲೆಕೆಳಗು ಮಾಡಿ ಒಣಗ್ಸಿದೀನಿ. ಒಡೆದ ಕಾಯಿ ಒಂದೊಂದೂ ಆರ್ಸಿ ಆಚೆ ಹಾಕಿದೀನಿ. ದೇವುಡು ಚೂಸ್ತಾಡು."

ದೇವರು ನೋಡುತ್ತಾನೆ ಎಂದು ತೆಲುಗಿನಲ್ಲಿ ಹೇಳಿ ಹೋದರು. ನಾನು ಹಸುವಿಗೆ ಹುಲ್ಲು ಹಾಕುತ್ತಾ ಅಲ್ಲೇ ಇದ್ದೆ. ಹಾಕಿದ ಹುಲ್ಲನ್ನೇ ಮತ್ತೆ ಎತ್ತಿ ಹಾಕಿದೆ.

ಡಿಸೆಂಬರ್ 11, ಬುಧವಾರ

ಬರೆಯುವಂಥದ್ದು ಏನಿಲ್ಲ. ಮೋಡ.

ಡಿಸೆಂಬರ್ 12, ಗುರುವಾರ. ಬೆಳಗ್ಗೆ 6.45

ಬಾಗಿಲು ತೆರೆದರೆ ಜಗಲಿಯ ಮೇಲೆ ಬಾಣಲೆ. ಇನ್ನು ಹುರಿಯಲು ಬರುವುದಿಲ್ಲ ಎಂದು ಭಾರತಮ್ಮ ತಂದಿಟ್ಟು ಹೋಗಿದ್ದಾರೆ. ಬೂದಿ ಹಾಕಿ ಉಜ್ಜಿ ಫಳಫಳ ಮಾಡಿದ್ದಾರೆ. ಶ್ಯಾಮಲ ಅದನ್ನು ಮುಟ್ಟಲಿಲ್ಲ. ಅದನ್ನು ದಾಟಿಕೊಂಡೇ ಓಡಾಡುತ್ತಿದ್ದೇವೆ.

ಡಿಸೆಂಬರ್ 14, ಶನಿವಾರ. ಮಧ್ಯಾಹ್ನ 3.10

ಹಿಂದಿನ ಹಾಳೆ ತಿರುವಿದೆ. ಅಕ್ಟೋಬರ್ 14 ಮುಚ್ಚಿದ್ದು. ಅಕ್ಟೋಬರ್ 21 ಬಿಚ್ಚಿದ್ದು. ಏಳು ದಿನ. ಟೈಮ್ ಸಮೇತ ಇದೆ, ನನ್ನದೇ ಅಕ್ಷರ. ಹಸಿ ಇದೆ ಎಂದು ಶ್ಯಾಮಲ ಹೇಳಿದ್ದೂ ಇದೆ. ಮುಗ್ಗಲು ವಾಸನೆಯೂ ಇದೆ, ಹಸಿರು ಕಾಳೂ ಇದೆ. ನೀಟಾಗಿ ಬರೆಯುವ ಚಟ ನನಗೇ ಬಂದು ಮೆಟ್ಟಿಕೊಂಡಿತಲ್ಲ.

ಈ ಹಾಳೆ ಹರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಇದನ್ನು ಓದುವವರು ಯಾರಿದ್ದಾರೆ?

ಆದರೆ ಅಮ್ಮನ ರಾಶಿಯೂ ಬೆಚ್ಚಗೇ ಇತ್ತಲ್ಲ? ಅದು ಯಾಕೆ ಕೆಡಲಿಲ್ಲ?

ಡಿಸೆಂಬರ್ 15, ಭಾನುವಾರ. ಬೆಳಗ್ಗೆ 10.30

ಗೊತ್ತಾಯಿತು.

ಹಿತ್ತಲಲ್ಲಿ ಒಗೆದ ಬಟ್ಟೆ ಎತ್ತುವಾಗ ಗೊತ್ತಾಯಿತು. ಬಿಸಿಲಿಗೆ ಒಣಗಿದ ಪಂಚೆ ಕೈಗೆ ಬೆಚ್ಚಗೆ ಹತ್ತಿತು. ಅಮ್ಮ ರಾಶಿಗೆ ಕೈ ಹಾಕುತ್ತಿದ್ದುದು ಸಂಜೆ. ಇಡೀ ದಿನ ಕಣದಲ್ಲಿ ಬಿಸಿಲು ಕುಡಿದ ರಾಗಿ ಅದು. ಆ ಬಿಸಿ ಸೂರ್ಯನದು. ನನ್ನ ರಾಶಿ ಏಳು ದಿನ ಸೂರ್ಯನ ಮುಖವನ್ನೇ ನೋಡಿರಲಿಲ್ಲ. ಅದು ಒಳಗೊಳಗೇ ಬೆಂದ ಬಿಸಿ. ಹಸಿ ಕಾಳು, ಗಾಳಿಯಿಲ್ಲ, ಮೇಲೆ ಪ್ಲಾಸ್ಟಿಕ್ಕು. ಬೂಷ್ಟಿಗೆ ಬಾಣಂತಿ ಕೋಣೆ ಕಟ್ಟಿಕೊಟ್ಟು, ನಾನು ಬಾಗಿಲಲ್ಲಿ ನಿಂತು ಲಕ್ಷ್ಮಿ ಎಂದು ಕೈಮುಗಿದೆ!

ನಗುವೂ ಬಂತು, ನಾಚಿಕೆಯೂ ಆಯಿತು. ಒಬ್ಬನೇ ಪಂಚೆ ಹಿಡಿದುಕೊಂಡು ನಿಂತಿದ್ದೆ.

ಅದೇ ದಿನ. ಸಂಜೆ 6.20

ಶ್ಯಾಮಲ ಜಗಲಿಯಲ್ಲಿ ಅವರೆಕಾಳು ಹಿದುಕುತ್ತಿದ್ದಳು. ಪಕ್ಕದಲ್ಲಿ ಕೂತೆ. ನಾಲ್ಕು ಕಾಳು ಹಿದುಕಿದೆ.

"ಏಳು ದಿನ" ಎಂದೆ.

"ಏನು ಏಳು ದಿನ?"

"ರಾಶಿ ಮುಚ್ಚಿದ್ದು. ರಮ್ಯಂಗೆ ಎರಡು ಅಂದೆ."

ಕೈ ನಿಂತಿತು. "ಹಸಿ ಐತೆ ಅಂತ ನಾನವತ್ತೇ ಹೇಳ್ದೆ."

"ಹೇಳ್ದೆ. ಅದೂ ಬರ್ದಿದೀನಿ."

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಬೋಗುಣಿ ಸರಿಸಿ, ಸೆರಗಿಗೆ ಕೈ ಒರೆಸಿ ಎದ್ದಳು. "ಡೈರಿ ತಗೊಳ್ಳಿ. ಬಾಣಲೇನೂ ಎತ್ಕೊಳ್ಳಿ" ಎಂದಳು. ಬಾಣಲೆ ತಲೆಯ ಮೇಲೆ, ಡೈರಿ ಕಂಕುಳಲ್ಲಿ. ಊರ ಬೀದಿಯಲ್ಲಿ ಹೆಂಡತಿ ಮುಂದೆ, ನಾನು ಹಿಂದೆ. ಮುನಿಕೃಷ್ಣ ಎದುರಿಗೆ ಸಿಕ್ಕಿ, "ಏನ್ ಬಾವ, ಅಕ್ಕ ಮನೆಯಿಂದ ಆಚೆ ಹಾಕುದ್ಲಾ?" ಎಂದ. ಬಾಣಲೆ ಸರಿಮಾಡಿಕೊಂಡು ಮುಂದೆ ನಡೆದೆ.

ಭಾರತಮ್ಮ ಹೊಸ್ತಿಲಲ್ಲೇ ನಿಂತರು, ಒಳಗೆ ಕರೆಯಲಿಲ್ಲ. ನಿಂತುಕೊಂಡೇ ಓದಿದೆ. ಅಕ್ಟೋಬರ್ 14, ಅಕ್ಟೋಬರ್ 21. "ಬೆಚ್ಚಗವ್ಳೆ ನಮ್ಮವ್ವ" ಎನ್ನುವುದನ್ನೂ ಬಿಡಲಿಲ್ಲ. ಕಣ್ಣು ಒದ್ದೆಯಾಗಿದ್ದನ್ನೂ ಓದಿದೆ. ಬಿಟ್ಟು ಓದಿದರೆ ಅದು ಇನ್ನೊಂದು ಸುಳ್ಳಾಗುತ್ತಿತ್ತು.

"ಆರು ದಿನ ಅಣ್ಣಾ" ಎಂದರು ಭಾರತಮ್ಮ. "ಆರು ದಿನ ಬೋರ್‌ವೆಲ್ ಹತ್ರ ನೀರಿಗೆ ಹೋಗಿಲ್ಲ ನಾನು. ಮುಖ ಎತ್ಕೊಂಡು ಹೋಗೋದು ಹೆಂಗೆ ಅಂತ."

"ತಪ್ಪಾಯ್ತಮ್ಮ" ಎಂದೆ. ಅವರ ಮುಖ ನೋಡಲಾಗಲಿಲ್ಲ.

"ನನ್ನೊಬ್ಬಳ ಮುಂದೆ ಓದಿದ್ರೆ ಸಾಲ್ದು. ನಾಳೆ ಉಳಿದ ಐದೂ ಜನರ ಮುಂದೆ ಓದಿ. ಆಮೇಲೆ ನನ್ನ ಕಡ್ಲೆಬೀಜಾನೂ ಬೇರೆ ಟೆಸ್ಟ್ ಮಾಡ್ಸಿ. ನಿಮ್ಮ ಡೈರಿ ನಂಬ್ಕೊಂಡು ನನ್ನ ಬಿಟ್ಟುಬಿಡ್ಬೇಡಿ."

ಬಾಣಲೆ ಮಾತ್ರ ತಗೊಳ್ಳಲಿಲ್ಲ. ವಾಪಸು ಹೊತ್ತುಕೊಂಡು ಬಂದೆ.

ಡಿಸೆಂಬರ್ 16, ಸೋಮವಾರ. ಸಂಜೆ 5.15

ಓದಿದೆ. ಮದುವೆಯ ಒಬ್ಬಟ್ಟಿನ ಸಾಲೂ ಅದೇ ಹಾಳೆಯಲ್ಲಿತ್ತು. "ನಾಲ್ಕೇ ಎಂದು ಶ್ಯಾಮಲನಿಗೂ ಹೇಳಿದ್ದೇನೆ" ಎಂದು ಬಾಯಿಗೆ ಬಂದೇಬಿಟ್ಟಿತು. ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಶ್ಯಾಮಲ ನಗಲಿಲ್ಲ. "ಎಷ್ಟು?" ಎಂದಳು. ಏಳು ಎಂದೆ. ಭಾರತಮ್ಮ ಕೂಡ ನಕ್ಕರು ಆಗ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ರಮ್ಯನಿಗೂ ಫೋನ್ ಮಾಡಿ ಹೇಳಿದೆ. "ದಿನಾ ಫ್ಯಾಕ್ಟರಿಗೆ ಜೋಳ ತರೋ ಲಾರಿಯವರು ಹಿಂಗೇ ಹೇಳ್ತಾರೆ ಅಪ್ಪ. ಎಲ್ಲರೂ ಎರಡೇ ದಿನ ಅಂತಾರೆ" ಎಂದಳು. ಜೋಳ ಹಸುಗಳಿಗೂ ಬೇಡ, ಆ ವಿಷ ಹಾಲಿಗೆ ಬರುತ್ತದೆ ಎಂದಳು. ಹಸುಗಳಿಗೆ ಹಾಕಲು ಒಂದು ಚೀಲ ಬಿಚ್ಚಿದ್ದೆ. ದೊಡ್ಡ ಹಸು ಬೆಳ್ಳಿ ಎರಡು ದಿನದಿಂದ ಮೂಸಿ ಮೂಸಿ ಬಿಡುತ್ತಿದ್ದಳು, ನಾನು ಅವಳಿಗೆ ಜಂಭ ಎಂದು ಬೈದಿದ್ದೆ.

ಡಿಸೆಂಬರ್ 18, ಬುಧವಾರ

ಹೊಲದ ಮೂಲೆಯಲ್ಲಿ ಆಳುದ್ದ ಗುಂಡಿ. ಲ್ಯಾಬಿಗೆಂದು ಒಂದು ಸೇರು ಎತ್ತಿಟ್ಟು, ಉಳಿದ ಜೋಳ, ಮಾಡಿದ ಪುಡಿ ಎಲ್ಲ ಒಳಗೆ. ಮುನಿಕೃಷ್ಣ ತಾನೇ ಬಂದು ಅಗೆದ. ಅವನು ಗುದ್ದಲಿ ಹಿಡಿದಿದ್ದನ್ನು ಕಂಡು ಬೆಳ್ಳಿ ಕೂಡ ತಿರುಗಿ ನೋಡಿದಳು. ತಮಾಷೆ ಮಾಡಲಿಲ್ಲ ಅವನು, ಮಣ್ಣು ಮುಚ್ಚುವಾಗ ಮಾತ್ರ, "ಹೋಗ್ಲಿ ಬಿಡಿ ಬಾವ, ಭೂಮಿದು ಭೂಮಿಗೇ ಹೋಯ್ತು" ಎಂದ. ಅವನ ಮೇಲೆ ಪ್ರೀತಿ ಬಂತು. ಹೇಳಲಿಲ್ಲ.

ಹೊಸ ಪುಡಿಗೆ ಜೋಳ ಯಾರದು? ಅವನದೇ! ಮಳೆ ಬಿಟ್ಟು, ಹೊಲದಲ್ಲೇ ಒಣಗಿ, ನವೆಂಬರ್ ಕೊನೆಗೆ ಮುರಿದ. ಮೆಷಿನ್ ಕರೆಸಲು ಸೋಮಾರಿತನ. ಸಿಪ್ಪೆ ಜಡೆ ಹಾಕಿ ತೆನೆಗಳನ್ನು ಸೂರಿನ ಕೆಳಗೆ ನೇತುಹಾಕಿದ್ದಾನೆ. ಕಚ್ಚಿದರೆ ಕಟ್ ಎನ್ನುತ್ತದೆ. ಸಿಪ್ಪೆಯ ತುದಿ ಕೆಳಮುಖವಾಗಿ ಬಾಗಿದ್ದಕ್ಕೆ ಮಳೆ ಒಳಗೆ ಇಳಿದಿಲ್ಲ ಎಂದಳು ರಮ್ಯ. ಹುಳ ಕೊರೆದಿದ್ದರೆ ಅದೂ ಕೆಡುತ್ತಿತ್ತಂತೆ, ಅದೃಷ್ಟ ಇತ್ತಂತೆ. ಈ ಮಾತನ್ನು ಅವನಿಗೆ ಎರಡು ಸಲ ಓದಿ ಹೇಳಿದೆ.

ಜನವರಿ 20, ಸೋಮವಾರ. ಮಧ್ಯಾಹ್ನ 12.40

ಮೂರು ರಿಪೋರ್ಟ್. ಈ ಸಲ ಫಾರಮ್ಮಿನಲ್ಲಿ ಭಾರತಮ್ಮನ ನಂಬರ್. ಅವರೇ ಓಡಿಬಂದರು.

ಹೊಸ ಪುಡಿ ಪಾಸು. ಭಾರತಮ್ಮನ ಕಡಲೆಬೀಜ ಪಾಸು. ಎತ್ತಿಟ್ಟಿದ್ದ ನನ್ನ ಜೋಳ ಫೇಲ್.

ಶ್ಯಾಮಲ ಭಾರತಮ್ಮನನ್ನು ತಬ್ಬಿಕೊಂಡು ಅತ್ತಳು. ಮುನೇಶ್ ನಾಳೆಯೇ ಐವತ್ತು ಪ್ಯಾಕೆಟ್ ಕಳಿಸಿ ಎಂದ. ಬಾಣಲೆ ಒಲೆಯ ಮೇಲೆ. ಹುರಿಯುವವರು ಮತ್ತೆ ಭಾರತಮ್ಮ. ನಾನು ದೂರ ಕೂತು ವಾಸನೆ ಕುಡಿದೆ. ಒಂದು ಬೀಜ ಕೇಳಲು ಧೈರ್ಯ ಬರಲಿಲ್ಲ. ಭಾರತಮ್ಮ ತಾವೇ ಒಂದು ಹಿಡಿ ತಂದು ಕೈಗೆ ಹಾಕಿದರು. "ತಿನ್ನಿ ಅಣ್ಣಾ, ಪಾಸಾಗಿರೋ ಬೀಜ. ಜೋಳ ಮಾತ್ರ ಮುಂದಿನ ಸುಗ್ಗಿವರೆಗೂ ನಿಮ್ಮದು ಬೇಡ."

ಸರಿ ಎಂದೆ. ನ್ಯಾಯವಾದ ಮಾತು. ಆದರೆ ಬೇಜಾರಾಯಿತು.

ಅಕ್ಟೋಬರ್ 4, ಶನಿವಾರ. ಸಂಜೆ 5.30. ಹೊಸ ಡೈರಿ

ತೆನೆ ಮುರಿದಾಯಿತು. ಈ ಸಲ ಮಳೆ ಬೇಗ, ಊರಿಗೆಲ್ಲ ಬಿತ್ತನೆಯೂ ಬೇಗ. ಊರಿಗೆ ಮೊದಲಲ್ಲ, ನಮ್ಮದು ಐದನೆಯದು. ಕೈ ಕಡಿಯುತ್ತಿತ್ತು, ತಡೆದುಕೊಂಡೆ. ಕಾಳು ಕಟ್ಟುವಾಗ ಬೋರ್ ನೀರು ಎರಡು ಸಲ ಜಾಸ್ತಿ ಬಿಟ್ಟಿದ್ದೆ. ಬಾಯಾರಿದ ಬೆಳೆಗೆ ಹೊಲದಲ್ಲೇ ಬೂಷ್ಟು ಹತ್ತುತ್ತದೆ ಎಂದು ರಮ್ಯ ಹೇಳಿದ್ದಳು. ಹುಳ ಹಿಡಿದ ತೆನೆಗಳನ್ನು ಒಂದೊಂದೇ ಆರಿಸಿ ಬೇರೆ ಹಾಕಿದೆ. ತಾರಸಿಯ ಮೇಲೆ ಅದೇ ನೀಲಿ ಟಾರ್ಪಾಲು. ಹೋದ ವರ್ಷ ಜೋಳದ ಮೇಲಿತ್ತು, ಈ ವರ್ಷ ಜೋಳದ ಕೆಳಗಿದೆ.

ಅಕ್ಟೋಬರ್ 11, ಶನಿವಾರ. ಮಧ್ಯಾಹ್ನ 1.15

ಏಳು ಬಿಸಿಲು. ಸಂಜೆಯಾದರೆ ಎತ್ತುವುದು, ಬೆಳಗ್ಗೆ ಹರವುವುದು. ಬೆನ್ನು ಬಾಗಿಹೋಗಿದೆ. ನಿನ್ನೆ ಕೈ ಮೆಷಿನ್ನಿನಲ್ಲಿ ಬಿಡಿಸಿದೆವು. ತೊಳೆದು ಒಣಗಿಸಿದ ಉಪ್ಪಿನಕಾಯಿ ಬಾಟಲಿಗೆ ಒಂದು ಹಿಡಿ ಕಾಳು, ಒಂದು ಚಮಚ ಒಣ ಉಪ್ಪು. ಚೆನ್ನಾಗಿ ಕುಲುಕಿ ಹದಿನೈದು ನಿಮಿಷ ಬಿಟ್ಟೆ. ಉಪ್ಪು ಗಾಜಿಗೆ ಅಂಟಿದರೆ ಇನ್ನೂ ಹಸಿ ಎಂದು ಅರ್ಥವಂತೆ. ಅಂಟಲಿಲ್ಲ. ಶ್ಯಾಮಲ ಕಚ್ಚಿದಳು. ಕಟ್! ನನಗೂ ಕೇಳಿಸಿತು.

ಅಕ್ಟೋಬರ್ 12, ಭಾನುವಾರ

ರೂಮಿನಲ್ಲಿ ಹಲಗೆಯ ಮೇಲೆ ರಾಶಿ ಹಾಕಿದ್ದೇನೆ. ಎರಡು ದಿನ ಬಿಸಿಲಿಲ್ಲ, ಹೊದಿಕೆಯಿಲ್ಲ. ಒಣಗಿದ್ದರೆ ರಾಶಿ ತಾನಾಗಿ ಬಿಸಿಯಾಗುವುದಿಲ್ಲ, ತಣ್ಣಗೇ ಇರುತ್ತದೆ. ಕೈ ಹಾಕಿ ನೋಡಲು ಮಂಗಳವಾರ ಬರುತ್ತೇನೆ ಎಂದು ಭಾರತಮ್ಮ ಹೇಳಿ ಕಳಿಸಿದ್ದಾರೆ. ಮಂಗಳವಾರ ರಾಶಿ ಮುಟ್ಟುವ ಹಾಗಿಲ್ಲವಲ್ಲ ಎಂದೆ. "ಅತ್ತೇನ ನಾನು ಒಪ್ಪಿಸ್ತೀನಿ, ನೀವು ಸುಮ್ನಿರಿ" ಎಂದಳು ಶ್ಯಾಮಲ. ಅಮ್ಮನ ಫೋಟೋಗೆ ಹೂವಿಟ್ಟು ಏನೋ ಗುಸುಗುಸು ಮಾತಾಡಿದಳು.

ಅಕ್ಟೋಬರ್ 14, ಮಂಗಳವಾರ. ಬೆಳಗ್ಗೆ 7.20

ಬಂದಿದ್ದಾರೆ. ಆರೂ ಜನ. ಬಾಗಿಲಲ್ಲಿ ಮುನಿಕೃಷ್ಣ, ಹಲ್ಲುಕಡ್ಡಿ ಬಾಯಲ್ಲಿ. ಪರೀಕ್ಷೆಗೆ ಕೂತ ಹುಡುಗನ ಹಾಗಾಗಿದೆ ನನಗೆ. ಕೈ ಹಾಕಿ ನೋಡೋಣ ಎಂದು ಮುಂದೆ ಹೋದೆ, ಭಾರತಮ್ಮ ತಡೆದರು.

"ನೀವು ಬೇಡ ಅಣ್ಣಾ. ನಿಮ್ಮ ಕೈಗೆ ಎಲ್ಲಾ ಲಕ್ಷ್ಮೀನೇ. ನೀವು ಡೈರಿ ಹಿಡ್ಕೊಳ್ಳಿ."

ಅದಕ್ಕೇ ನಿಂತುಕೊಂಡೇ ಬರೆಯುತ್ತಿದ್ದೇನೆ. ಅವರು ಬಳೆ ಮೇಲೆ ಸರಿಸಿದರು. ಮೊಣಕೈವರೆಗೂ ಇಳಿಯಿತು ಕೈ. ಕಣ್ಣು ಮುಚ್ಚಿದರು, ಅಮ್ಮನ ಹಾಗೆಯೇ. ಹಿಡಿ ಕಾಳು ಹೊರಗೆ ತೆಗೆದು ಮೂಸಿದರು. ಎಷ್ಟು ಹೊತ್ತು... ಏನಮ್ಮ ಎಂದೆ. ಶ್ಯಾಮಲನ ಮುಖ ನೋಡಿ ನಕ್ಕರು. "ಬಾಣಲೆ ಇಡಕ್ಕಾ ಒಲೆ ಮೇಲೆ. ಲ್ಯಾಬಿಗೂ ಒಂದು ಸೇರು ತೆಗೀರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಹೂಂ, ಬರ್ಕೊಳ್ಳಿ. ನಾನು ಹೇಳ್ತೀನಿ, ಹಂಗೇ ಬರೀಬೇಕು" ಎಂದರು.

ಮಂಗಳವಾರ ಬೆಳಗ್ಗೆ 7.25. ಕೈ ಹಾಕಿ ನೋಡಿದವರು ಭಾರತಮ್ಮ. ಕೋದಂಡರಾಮಪ್ಪನವರ ರಾಶಿ ತಣ್ಣಗಿದೆ.